ಕಿಡಿ ಹಾರುವ ಹೊತ್ತು

ಹಳೆಯ ಪೆಟ್ರೋಲ್ ಪಿಕಪ್ಪಿನ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ, ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತನ್ನು ಗೊತ್ತುಮಾಡುವುದೇ ಟೈಮಿಂಗ್ ಕೆಲಸ. ಸಿಲಿಂಡರಿನೊಳಗೆ ಪೆಟ್ರೋಲ್ ಉರಿದು ಮುಗಿಯಲು ತುಸು ಸಮಯ ಬೇಕು. ಅಷ್ಟರಲ್ಲಿ ಎಂಜಿನ್ ಕಾಯುತ್ತ ನಿಲ್ಲುವುದಿಲ್ಲ. 3000 ಆರ್‌ಪಿಎಂ ವೇಗದಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 18 ಡಿಗ್ರಿ ತಿರುಗಿಬಿಡುತ್ತದೆ. ಆದ್ದರಿಂದ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಬೆಂಕಿ ಹೊತ್ತಿರಬೇಕು. ತೀರಾ ಮುಂಚೆಯಾದರೆ ನಾಕಿಂಗ್, ಅಂದರೆ ಇಂಧನ ತಾನಾಗಿಯೇ ಸಿಡಿದು ಎಂಜಿನ್ ಕಟಕಟ ಎನ್ನುವುದು, ಶುರುವಾಗುತ್ತದೆ, ತಡವಾದರೆ ಎಂಜಿನ್ ಕಾದು ಎಳೆತ ಕಳೆದುಕೊಳ್ಳುತ್ತದೆ. ಮಹೀಂದ್ರ ಕಂಪನಿಯ ಹಳೆಯ ಜೀಪುಗಳಲ್ಲೂ ಪಿಕಪ್ಪುಗಳಲ್ಲೂ ಇದ್ದ 2.2 ಲೀಟರಿನ ಹರಿಕೇನ್ ಎಂಜಿನ್ನಿಗೆ ಕೈಪಿಡಿ ಹೇಳುವ ಲೆಕ್ಕ, ಪಿಸ್ಟನ್ ತುದಿ ಮುಟ್ಟುವುದಕ್ಕೆ 5 ಡಿಗ್ರಿ ಮೊದಲು ಕಿಡಿ. ಈ ಅಂಕಿಯನ್ನು ಶಾಸನದಂತೆ ಕಾಣುವವರಿದ್ದಾರೆ. ಆದರೆ ಅದು ಅಂದಿನ ಪೆಟ್ರೋಲಿಗೆ ಬರೆದದ್ದು. ಇಂದಿನ ಇಂಧನಕ್ಕೂ ಊರಿನ ಗಾಳಿಗೂ ಅದನ್ನು ಮತ್ತೆ ಹೊಂದಿಸಿಕೊಳ್ಳುವುದರಲ್ಲೇ ಈ ಕಸುಬಿನ ತಿರುಳಿದೆ ಎಂಬುದು ನನ್ನ ವಾದ. ಗುಜರಾತಿನ ಅಹಮದಾಬಾದ್, ವಡೋದರ, ಸೂರತ್‌ಗಳ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ.

ಮೊದಲು ಇಂಧನದ ಮಾತು. ವಡೋದರದ ಪಕ್ಕದ ಕೊಯಲಿಯಲ್ಲಿ ತೈಲ ಶುದ್ಧೀಕರಣಾಗಾರ ಕೆಲಸ ಆರಂಭಿಸಿದ್ದು 1965ರಲ್ಲಿ. ಅಂದಿನ ಪೆಟ್ರೋಲಿನಲ್ಲಿ ಸೀಸ ಬೆರೆಯುತ್ತಿತ್ತು. ಅದು ನಾಕಿಂಗ್ ತಡೆಯುತ್ತಿತ್ತು, ವಾಲ್ವ್ ಸೀಟುಗಳನ್ನೂ ಕಾಯುತ್ತಿತ್ತು. 2000ದಲ್ಲಿ ದೇಶದಾದ್ಯಂತ ಸೀಸ ಹೋಯಿತು. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ, ಎಥನಾಲಿಗೆ 9 ಕಿಲೋ ಸಾಕು. ಹಾಗಾಗಿ ಕಾರ್ಬೊರೇಟರಿನಲ್ಲಿ ಇಂಧನ ಹರಿಯುವ ತೂತಾದ ಹಳೆಯ ಜೆಟ್ಟಿನಲ್ಲೇ ಈ ಮಿಶ್ರಣ ಹರಿದರೆ ಎಂಜಿನ್ನಿಗೆ ಇಂಧನ ಸಾಲದಾಗುತ್ತದೆ. ಟೈಮಿಂಗ್ ಎಷ್ಟೇ ತಿರುಗಿಸಿದರೂ ಜೆಟ್ಟಿನ ಕೊರತೆ ನೀಗದು. ಇನ್ನು ಸಿಎನ್‌ಜಿ. 1990ರ ದಶಕದ ಆರಂಭದಲ್ಲಿ ವಾಹನಗಳಿಗೆ ಗ್ಯಾಸ್ ತುಂಬುವ ಪ್ರಯೋಗ ನಡೆದ ಊರುಗಳಲ್ಲಿ ದೆಹಲಿ, ಮುಂಬೈಗಳ ಜೊತೆ ವಡೋದರವೂ ಇತ್ತು. ಸಿಎನ್‌ಜಿಯಲ್ಲಿ ಹೆಚ್ಚಿರುವ ಮೀಥೇನಿನ ಜ್ವಾಲೆ ನಿಧಾನದ್ದು, ಕಿಡಿಯನ್ನು ಇನ್ನಷ್ಟು ಮುಂಚೆ ಕೊಡಬೇಕು. ನಾಕಿಂಗ್ ತಡೆಯುವ ಶಕ್ತಿ ಅದಕ್ಕೆ ಪೆಟ್ರೋಲಿಗಿಂತ ಹೆಚ್ಚಿರುವುದರಿಂದ ಹಾಗೆ ಕೊಟ್ಟರೂ ಅಪಾಯವಿಲ್ಲ. ಆದರೆ ಅದೇ ಟೈಮಿಂಗಿನಲ್ಲಿ ಸ್ವಿಚ್ಚು ಪೆಟ್ರೋಲಿಗೆ ತಿರುಗಿಸಿದರೆ ಎಂಜಿನ್ ಕಟಕಟ ಎನ್ನುತ್ತದೆ. ಎರಡರಲ್ಲೂ ಓಡುವ ಗಾಡಿಗೆ ಒಂದೇ ಟೈಮಿಂಗ್ ಎಂದರೆ ರಾಜಿಯೇ ಸರಿ, ಆ ರಾಜಿಯ ಗೆರೆ ಯಾವ ಕೈಪಿಡಿಯಲ್ಲೂ ಇಲ್ಲ.

ಗಾಳಿಯೂ ಲೆಕ್ಕಕ್ಕೆ ಬರುತ್ತದೆ. 2016ರ ಮೇ 20ರಂದು ಅಹಮದಾಬಾದಿನಲ್ಲಿ ಉಷ್ಣಾಂಶ 48 ಡಿಗ್ರಿ ಮುಟ್ಟಿತ್ತು. ಅಂಥ ಬೇಸಿಗೆಯಲ್ಲಿ ನಾಕಿಂಗ್ ಬೇಗ ಬರುತ್ತದೆ. ಸಮುದ್ರದ ಹತ್ತಿರದ ಸೂರತ್ತಿನ ತೇವಭರಿತ ಗಾಳಿ ಉರಿಯನ್ನು ತುಸು ತಣಿಸುತ್ತದೆ. ಕನ್ನಡನಾಡಿನ ಓದುಗರಿಗೆ ಇನ್ನೂ ಸ್ಪಷ್ಟವಾಗುವ ಹೋಲಿಕೆಯೊಂದಿದೆ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗುಜರಾತಿನ ಈ ಮೂರೂ ನಗರಗಳು ಬಯಲಿನಲ್ಲಿವೆ. ಎತ್ತರದ ತೆಳುಗಾಳಿಗೆ ಜೆಟ್ಟನ್ನೂ ಟೈಮಿಂಗನ್ನೂ ಹೊಂದಿಸಿದ ಪಿಕಪ್ ಬಯಲಿಗಿಳಿದರೆ ಗಾಳಿ ದಟ್ಟವಾಗಿ ಮಿಶ್ರಣದಲ್ಲಿ ಇಂಧನ ಕಡಿಮೆಯಾಗುತ್ತದೆ, ಸಿಲಿಂಡರಿನ ಒತ್ತಡ ಏರುತ್ತದೆ, ಸುಮ್ಮನಿದ್ದ ಎಂಜಿನ್ ಸದ್ದು ಮಾಡತೊಡಗುತ್ತದೆ.

ಹೀಗೆ ಎಂಜಿನ್ನಿನ ಸದ್ದು ಕೇಳಿ ಟೈಮಿಂಗ್ ಹೊಂದಿಸುವ, ಕಿವಿಯನ್ನು ನಂಬುವ ಕಸುಬಿಗೆ ಶಾಸ್ತ್ರದ ಆಧಾರವೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ಬರೀ ಕಿವಿ ಸಾಲದು ಎಂದು ನಾನೂ ಒಪ್ಪುತ್ತೇನೆ. ಒಳ್ಳೆಯ ಮೆಕ್ಯಾನಿಕ್ ಫೀಲರ್ ಗೇಜಿನಿಂದ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಗ್ಯಾಪನ್ನು ಅರ್ಧ ಮಿಲಿಮೀಟರಿಗೆ ತಂದ ಮೇಲೆಯೇ ಟೈಮಿಂಗಿಗೆ ಕೈ ಹಾಕುತ್ತಾನೆ, ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುವುದರಿಂದ. ಪಾಯಿಂಟ್ ಬಿಡುವ ಕ್ಷಣವನ್ನು ಟೆಸ್ಟ್ ಲ್ಯಾಂಪಿನಲ್ಲಿ ನೋಡುತ್ತಾನೆ, ಕಾರ್ಬೊರೇಟರನ್ನು ಕೊನೆಗೆ ಮುಟ್ಟುತ್ತಾನೆ. ಹೊಗೆ ತಪಾಸಣೆಯ ಯಂತ್ರವಿದ್ದರೆ ಸಾಕಲ್ಲವೇ ಎಂದರೆ, ಆ ತಪಾಸಣೆ ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಐಡಲ್‌ನಲ್ಲಿ ನಿಂತ ಎಂಜಿನ್ನಿನ ಹೊಗೆಯನ್ನಷ್ಟೇ ಅಳೆಯುತ್ತದೆ. ಹಳೆಯ ನಾಲ್ಕು ಚಕ್ರದ ಗಾಡಿಗೆ ಕಾರ್ಬನ್ ಮಾನಾಕ್ಸೈಡಿನ ಮಿತಿ ಶೇ. 3. ಐಡಲ್ ಸ್ಕ್ರೂ ಬಿಗಿದು ತಪಾಸಣೆಯ ಚೀಟಿ ಪಡೆಯಬಹುದು, ಹೊರೆ ಹೊತ್ತು ಓಡುವಾಗ ಮೇನ್ ಜೆಟ್ ಮಾಡುವುದು ಅಲ್ಲಿ ಕಾಣುವುದೇ ಇಲ್ಲ. ಎರಡನೆಯ ಆಕ್ಷೇಪ, ಈ ಹಳೆಯ ಗಾಡಿಗಳನ್ನೆಲ್ಲ ಗುಜರಿಗೆ ಹಾಕಬಾರದೇಕೆ ಎಂಬುದು. ಅಹಮದಾಬಾದಿನಲ್ಲಿ ಸಾಬರಮತಿಯ ದಡದ ಭಾನುವಾರದ ಸಂತೆಯ ಹೆಸರೂ ಗುಜರಿ ಬಜಾರ್ ಎಂದೇ. ಅಲ್ಲಿ ಹಳೆಯದು ಇನ್ನೊಬ್ಬರ ಬಳಕೆಗೆ ಹೋಗುತ್ತದೆ. ಚಾಸಿ ತುಕ್ಕು ಹಿಡಿದು, ಸಿಲಿಂಡರ್ ಸವೆದು ಎಣ್ಣೆ ಉರಿಯುವ ಗಾಡಿಯನ್ನು ಬಿಡಲೇಬೇಕು. ಆದರೆ ಕಪ್ಪು ಹೊಗೆ ಮಿಶ್ರಣದಲ್ಲಿ ಇಂಧನ ಹೆಚ್ಚಾದ ಗುರುತು, ನೀಲಿ ಹೊಗೆ ಎಣ್ಣೆ ಉರಿದ ಗುರುತು. ಇವೆರಡರ ನಡುವಿನ ವ್ಯತ್ಯಾಸ ತಿಳಿಯಲು ಪ್ಲಗ್ ಬಿಚ್ಚಿ ನೋಡುವವನೊಬ್ಬ ಬೇಕು: ಒಣ ಮಸಿ ಇದ್ದರೆ ಜೆಟ್ಟು, ಎಣ್ಣೆಯ ಜಿಡ್ಡಿದ್ದರೆ ಪಿಸ್ಟನ್ ರಿಂಗು.