‘ಬಣ್ಣ ಸ್ವಲ್ಪ ಕಮ್ಮಿ’ ಎಂಬ ಮಾತು ಮತ್ತು ಬಿಳುಪಿನ ಕ್ರೀಮು



ಜುಮಾ ಬಯಾನಿನಲ್ಲಿ ಮುಖಕ್ಕೆ ಹಚ್ಚುವ ಕ್ರೀಮಿನ ವಿಷಯ ತೆಗೆದಾಗ ಹಿಂದಿನ ಸಾಲಿನಲ್ಲಿದ್ದ ಯುವಕರು ನಕ್ಕರು. ಇಮಾಮರಿಗೂ ಸ್ನೋ ಪೌಡರಿಗೂ ಏನು ಸಂಬಂಧ ಎಂದು ಅವರಿಗೆ ಅನ್ನಿಸಿರಬೇಕು. ನಮಾಜ್ ಮುಗಿದ ಮೇಲೆ ನಾಲ್ಕೈದು ಜನ ಹತ್ತಿರ ಬಂದು, ‘ಹಜ್ರತ್, ನಮ್ಮ ಮನೆಯಲ್ಲೂ ಅಂಥದ್ದೊಂದು ಡಬ್ಬಿ ಇದೆ’ ಎಂದು ಮೆಲ್ಲಗೆ ಹೇಳಿದರು. ಬಯಾನ್ ಕೇಳಿದವರು ಗಂಡಸರು. ಕ್ರೀಮು ಹಚ್ಚುವವರು ಹೆಚ್ಚಾಗಿ ಮನೆಯಲ್ಲಿರುವ ಹೆಣ್ಣುಮಕ್ಕಳು. ಆದ್ದರಿಂದ ಅಂದು ಹೇಳಿದ್ದನ್ನು ಇನ್ನಷ್ಟು ವಿವರವಾಗಿ ಬರೆದಿದ್ದೇನೆ. ದಯವಿಟ್ಟು ಮನೆಯಲ್ಲಿ ಓದಿ ಹೇಳಿ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಮ್ಮ ಮಹಲ್ಲಾದ ಒಂದು ಮನೆ. ತಂದೆ ಹಮಾಲಿ ಮಾಡುತ್ತಾರೆ, ತಾಯಿ ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುತ್ತಾರೆ. ಮಗಳು ಡಿಗ್ರಿ ಓದಿದ್ದಾಳೆ. ಜಗಳೂರು ಕಡೆಯಿಂದ ಒಂದು ರಿಶ್ತಾ ಬಂತು. ನೋಡಿಹೋದ ಗಂಡಿನ ಕಡೆಯವರು ಎರಡು ದಿನ ಬಿಟ್ಟು ನನಗೆ ಫೋನ್ ಮಾಡಿದರು: ‘ಹಜ್ರತ್, ಹುಡುಗಿ ಒಳ್ಳೆಯವಳು, ಮನೆತನವೂ ಸರಿ. ಬಣ್ಣ ಮಾತ್ರ ಸ್ವಲ್ಪ ಕಮ್ಮಿ. ನೀವೇ ಹೇಳಿಬಿಡಿ.’ ನಾನು ಹೇಳಿಬಿಟ್ಟೆ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ಅಮಾನತ್ ಎಂದುಕೊಂಡೆ. ನಾನು ಮುಟ್ಟಿಸುತ್ತಿರುವುದು ಏನು ಎಂದು ಯೋಚಿಸಲಿಲ್ಲ.

ಕೆಲವು ತಿಂಗಳ ಮೇಲೆ ನನ್ನ ಮನೆಯವರು ಅವರ ಮನೆಗೆ ಹೋಗಿಬಂದು ಹೇಳಿದರು: ‘ಆ ಮಗುವಿನ ಮುಖ ಕೆಂಡದ ಹಾಗೆ ಆಗಿದೆ. ಒಲೆಯ ಮುಂದೆ ನಿಲ್ಲಲು ಆಗುತ್ತಿಲ್ಲ, ಬಿಸಿಲಿಗೆ ಹೋದರೆ ಉರಿ ಎಂದು ಅಳುತ್ತಾಳೆ.’ ಯಾರೋ ನೆಂಟರು ಗಲ್ಫ್‌ನಿಂದ ಬರುವಾಗ ತಂದುಕೊಟ್ಟ ಕ್ರೀಮು. ಅದನ್ನು ಏಕೆ ತರಿಸಿದಿರಿ ಎಂದು ಕೇಳಿದ್ದಕ್ಕೆ ತಾಯಿ ಹೇಳಿದ ಉತ್ತರ ಇಷ್ಟೇ: ‘ಹಜ್ರತ್ ಅವರೇ ಹೇಳಿಕಳಿಸಿದ್ದರಲ್ಲ, ಬಣ್ಣ ಕಮ್ಮಿ ಅಂತ.’

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಲಂಕಾರ ತಪ್ಪಲ್ಲ

ಇಸ್ಲಾಮ್ ಅಲಂಕಾರಕ್ಕೆ ವಿರುದ್ಧ ಎಂದು ಯಾರೂ ತಿಳಿಯಬಾರದು. ಮಸ್ಜಿದಿಗೆ ಬರುವಾಗ ಒಪ್ಪವಾಗಿ ಉಟ್ಟುಬರಲು ಕುರ್‌ಆನ್ ಹೇಳುತ್ತದೆ. ಅದರ ಜೊತೆಗೇ ದುಂದು ಬೇಡ ಎಂದೂ ಎಚ್ಚರಿಸುತ್ತದೆ. ಪ್ರವಾದಿ(ಸ) ಅತ್ತರು ಹಚ್ಚುತ್ತಿದ್ದರು, ಕಣ್ಣಿಗೆ ಸುರ್ಮಾ ಹಾಕುತ್ತಿದ್ದರು, ಕೂದಲಿಗೆ ಎಣ್ಣೆ ಹಚ್ಚಿ ಬಾಚುತ್ತಿದ್ದರು. ಈದಿಗೆ ಮೆಹಂದಿ, ಮದುವೆಗೆ ಹೊಸ ಬಟ್ಟೆ, ಹೊನ್ನಾಳಿ ಸಂತೆಯಲ್ಲಿ ಮಕ್ಕಳಿಗೆ ಬಳೆ ಕೊಡಿಸುವುದು, ಇವೆಲ್ಲ ಸಂತೋಷದ ಸಂಗತಿಗಳೇ. ನಾನು ಹೇಳುತ್ತಿರುವುದು ದೇಹಕ್ಕೆ ಹಾನಿ ಮಾಡುವ ಒಂದು ವಸ್ತುವಿನ ಬಗ್ಗೆ, ಮತ್ತು ಆ ವಸ್ತುವನ್ನು ನಮ್ಮ ಮನೆಗೆ ತರಿಸಿದ ಮಾತಿನ ಬಗ್ಗೆ.

ಚರ್ಮದ ಬಣ್ಣ ಎಂದರೇನು?

ಚರ್ಮದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳಿವೆ. ಅವು ತಯಾರಿಸುವ ವಸ್ತುವಿಗೆ ಮೆಲನಿನ್ ಎಂದು ಹೆಸರು. ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಈ ಜೀವಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ಎಷ್ಟು ಮತ್ತು ಯಾವ ಬಗೆಯ ಮೆಲನಿನ್ ತಯಾರಿಸುತ್ತವೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳಿಂದ ಚರ್ಮವನ್ನು ಕಾಪಾಡುವುದು ಮೆಲನಿನ್ನಿನ ಕೆಲಸ. ಜಗಳೂರಿನ ಬಯಲಿನಲ್ಲಿ ಮೆಕ್ಕೆಜೋಳ ಮುರಿಯುವ ತಾಯಿಗೆ, ಚನ್ನಗಿರಿಯಲ್ಲಿ ಬಿಸಿಲಿಗೆ ಅಡಿಕೆ ಹರಡುವ ಅಕ್ಕನಿಗೆ ಅದು ಅಲ್ಲಾಹನು ಹೊದಿಸಿದ ಛತ್ರಿ. ಸೂರಃ ಅರ್ರೂಮ್‌ನಲ್ಲಿ ಅಲ್ಲಾಹನು ನಮ್ಮ ಭಾಷೆಗಳು ಮತ್ತು ಬಣ್ಣಗಳು ಬೇರೆಬೇರೆಯಾಗಿರುವುದನ್ನು ತನ್ನ ಕುರುಹುಗಳಲ್ಲಿ ಒಂದೆಂದು ಎಣಿಸಿದ್ದಾನೆ. ಕುರುಹನ್ನು ನಾವು ಕೊರತೆ ಎಂದು ಕರೆಯುತ್ತಿದ್ದೇವೆ.

ಡಬ್ಬಿಯೊಳಗೆ ಏನಿರುತ್ತದೆ?

ಅಂಗಡಿಯಲ್ಲಿ ಸಿಗುವ ಎಲ್ಲ ಕ್ರೀಮುಗಳೂ ವಿಷವಲ್ಲ. ಬಹಳಷ್ಟು ಕ್ರೀಮುಗಳು ಚರ್ಮವನ್ನು ಮೆದುವಾಗಿಡುತ್ತವೆ, ಕೆಲವು ಬಿಸಿಲಿನಿಂದ ಸ್ವಲ್ಪ ರಕ್ಷಣೆ ಕೊಡುತ್ತವೆ. ಹುಟ್ಟಿನಿಂದ ಬಂದ ಬಣ್ಣವನ್ನು ಅವು ಬದಲಿಸುವುದಿಲ್ಲ. ಆದರೆ ‘ಏಳು ದಿನಕ್ಕೆ ಬೆಳ್ಳಗಾಗುತ್ತೀರಿ’ ಎಂದು ಕೈಯಿಂದ ಕೈಗೆ ಬರುವ ಡಬ್ಬಿಗಳಿವೆ. ಅಷ್ಟು ಬೇಗ ಬಣ್ಣ ತಿಳಿಯಾದರೆ ಎರಡು ವಸ್ತುಗಳ ಮೇಲೆ ಅನುಮಾನ ಪಡಬೇಕು.

ಒಂದು, ಸ್ಟೀರಾಯ್ಡ್. ಬೀಟಾಮೆಥಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಮೊದಲಾದ ಹೆಸರುಗಳಲ್ಲಿ ಇರುತ್ತದೆ. ಇವು ಚರ್ಮರೋಗಕ್ಕೆ ವೈದ್ಯರು ಅಳೆದು, ಇಷ್ಟೇ ದಿನ ಎಂದು ಹೇಳಿ ಕೊಡುವ ಔಷಧಗಳು. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಬರುತ್ತವೆ, ಹೆಣ್ಣುಮಕ್ಕಳ ಮುಖದ ಮೇಲೆ ಕೂದಲು ಬೆಳೆಯುತ್ತದೆ. ಬಿಟ್ಟ ತಕ್ಷಣ ಮುಖ ಕೆಂಪಾಗಿ ಉರಿಯುತ್ತದೆ, ಹೆದರಿ ಮತ್ತೆ ಹಚ್ಚುತ್ತಾರೆ. ಹೀಗೆ ಅದೇ ಒಂದು ಚಟವಾಗುತ್ತದೆ. ಹೀಗೆ ಮುಖ ಹಾಳುಮಾಡಿಕೊಂಡು ಬರುವವರನ್ನು ಕಂಡು ಚರ್ಮವೈದ್ಯರು ವರ್ಷಗಟ್ಟಲೆ ಕೂಗಿದ ಮೇಲೆ, 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಮಾಡಿತು.

ಎರಡು, ಪಾದರಸ. ಮೆಲನಿನ್ ತಯಾರಾಗಲು ಬೇಕಾದ ಒಂದು ಕಿಣ್ವವನ್ನು ಪಾದರಸ ತಡೆಯುತ್ತದೆ, ಅದಕ್ಕೇ ಮುಖ ಬೆಳ್ಳಗಾಗುತ್ತದೆ. ಆದರೆ ಪಾದರಸ ಚರ್ಮದಲ್ಲೇ ನಿಲ್ಲುವುದಿಲ್ಲ. ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೋಗುತ್ತದೆ, ನರಗಳಿಗೂ ಹಾನಿ ಮಾಡುತ್ತದೆ. ಹಚ್ಚಿಕೊಂಡವರಿಗೆ ಮಾತ್ರವೂ ಅಲ್ಲ. ಟವೆಲ್, ದಿಂಬು, ಕೈಗಳ ಮೂಲಕ ಮನೆಯ ಮಕ್ಕಳಿಗೂ ತಗಲುತ್ತದೆ.

ಮಲಪ್ಪುರಂನಲ್ಲಿ ನಡೆದದ್ದು

ಇದು ಹೆದರಿಸಲು ಹೇಳುವ ಮಾತಲ್ಲ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ಒಂದು ಆಸ್ಪತ್ರೆಯ ವೈದ್ಯರು ಒಂದು ವಿಚಿತ್ರವನ್ನು ಗಮನಿಸಿದರು. 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳು ಅವರಲ್ಲಿಗೆ ಬಂದಿದ್ದರು. ಈ ಕಾಯಿಲೆಯಲ್ಲಿ ಮೂತ್ರಪಿಂಡದ ಜರಡಿ ಹಾಳಾಗಿ ರಕ್ತದಲ್ಲಿರಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತದೆ. 22 ಜನರಲ್ಲಿ 15 ಜನರಿಗೆ ಅದರ ಅಪರೂಪದ ಒಂದು ಬಗೆ ಇತ್ತು. ಕೇಳಿ ನೋಡಿದರೆ ಆ 15 ಜನರಲ್ಲಿ 13 ಜನ ಬಿಳುಪಿನ ಕ್ರೀಮು ಹಚ್ಚುತ್ತಿದ್ದರು. ಈ ವೈದ್ಯರ ಅಧ್ಯಯನ ಮೂತ್ರಪಿಂಡ ತಜ್ಞರ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಸಮಾಧಾನದ ಸಂಗತಿ ಎಂದರೆ, ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಮಹಾರಾಷ್ಟ್ರದ ಅಕೋಲಾದಲ್ಲಿ ಒಂದೇ ಮನೆಯ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳಿಗೆ ಮೂತ್ರಪಿಂಡದ ತೊಂದರೆಯಾದದ್ದೂ ಇಂಥ ಕ್ರೀಮಿನಿಂದಲೇ ಎಂದು ಮುಂಬೈಯ ವೈದ್ಯರು ಕಂಡುಹಿಡಿದರು.

ಪಾದರಸ ಎಂಥ ವಿಷ ಎಂದು ಜಗತ್ತು ಕಲಿತದ್ದು ಜಪಾನಿನ ಮಿನಮಾಟಾ ಎಂಬ ಊರಿನಿಂದ. ಅಲ್ಲಿ ಕಾರ್ಖಾನೆಯ ಪಾದರಸ ಸಮುದ್ರಕ್ಕೆ ಸೇರಿ, ಮೀನು ತಿಂದ ಜನರ ನರಗಳು ಹಾಳಾದವು. ಕಾಯಿಲೆ ಪತ್ತೆಯಾದದ್ದು 1956ರಲ್ಲಿ. ಆ ಊರಿನ ಹೆಸರಿನಲ್ಲೇ 2013ರಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು, ಭಾರತವೂ 2018ರಲ್ಲಿ ಅದನ್ನು ಒಪ್ಪಿಕೊಂಡಿತು. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಕ್ರೀಮಿಗೆ ಪಾದರಸ ಹಾಕುವಂತಿಲ್ಲ. ತಿಳಿಯದೆ ಸೇರಿದ್ದು ಕೂಡ ಮುಖದ ಕ್ರೀಮಿನಲ್ಲಿ ಹತ್ತು ಲಕ್ಷ ಪಾಲಿಗೆ ಒಂದು ಪಾಲನ್ನು ಮೀರಬಾರದು. ಕಾನೂನು ಇದೆ. ಆದರೆ ಸೂಟ್‌ಕೇಸಿನಲ್ಲಿ, ಪಾರ್ಲರಿನ ಡ್ರಾಯರಿನಲ್ಲಿ ಬರುವ ಡಬ್ಬಿಯನ್ನು ಕಾನೂನು ನೋಡುವುದು ಕಷ್ಟ. ಅದನ್ನು ನಾವೇ ನೋಡಬೇಕು.

ಮನೆಯಲ್ಲಿ ಹೀಗೆ ಪರೀಕ್ಷಿಸಿ

ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ ಇದೆಯೇ? ವಿದೇಶದ್ದಾದರೆ ಇಲ್ಲಿಗೆ ಆಮದು ಮಾಡಿದವರ ಹೆಸರು, ವಿಳಾಸ ಮತ್ತು ನೋಂದಣಿ ಸಂಖ್ಯೆ ಇರಬೇಕು. ಒಳಗೆ ಏನೇನಿದೆ ಎಂಬ ಪಟ್ಟಿಯೇ ಇಲ್ಲದಿದ್ದರೆ ಅದನ್ನು ಮುಟ್ಟಬೇಡಿ.

ಪಟ್ಟಿಯಲ್ಲಿ ಮರ್ಕ್ಯುರಿ, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೊಮೆಲ್ ಎಂಬ ಹೆಸರುಗಳಿದ್ದರೆ ಅದು ಪಾದರಸವೇ. ಇನ್ನೊಂದು ಗುರುತು: ‘ಚಿನ್ನ, ಬೆಳ್ಳಿ, ಅಲ್ಯುಮಿನಿಯಂಗೆ ತಾಗಿಸಬೇಡಿ’ ಎಂದು ಬರೆದಿದ್ದರೆ ಅನುಮಾನ ಪಡಿ. ಪಾದರಸ ಚಿನ್ನವನ್ನು ಕೆಡಿಸುತ್ತದೆ. ಬಳೆಗೆ ಆಗದ್ದು ಕೆನ್ನೆಗೆ ಹೇಗೆ ಆಗುತ್ತದೆ?

ಇಂಥದ್ದನ್ನು ಹಚ್ಚುತ್ತಿದ್ದವರ ಕಾಲು ಅಥವಾ ಮುಖ ಊದಿಕೊಂಡರೆ, ಮೂತ್ರದಲ್ಲಿ ನೊರೆ ನಿಂತರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಸಾಮಾನ್ಯ ಮೂತ್ರ ಪರೀಕ್ಷೆಯಲ್ಲೇ ಪ್ರೋಟೀನು ಸೋರುವುದು ಗೊತ್ತಾಗುತ್ತದೆ. ಡಬ್ಬಿಯನ್ನು ಸುಡಬೇಡಿ, ಚರಂಡಿಗೆ ತೊಳೆಯಬೇಡಿ. ಬಿಗಿಯಾಗಿ ಮುಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ವೈದ್ಯರಿಗೆ ತೋರಿಸಿ. ಕ್ರೀಮು ಬಿಟ್ಟ ಮೇಲೆ ಮುಖ ಉರಿದರೆ ಮತ್ತೆ ಅದನ್ನೇ ಹಚ್ಚದೆ ಚರ್ಮವೈದ್ಯರನ್ನು ಕಾಣಿ. ಮುಖ್ಯವಾಗಿ, ಮಗಳನ್ನು ಬೈಯಬೇಡಿ. ಬೈದರೆ ಅವಳು ಡಬ್ಬಿಯನ್ನು ಬಚ್ಚಿಡುತ್ತಾಳೆ, ಬಿಡುವುದಿಲ್ಲ.

ಹೆಸರು ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ

ನಮ್ಮ ದೇಶದಲ್ಲಿ ಎಲ್ಲರಿಗೂ ಗೊತ್ತಿರುವ ಬಿಳುಪಿನ ಕ್ರೀಮು ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. 2005ರಲ್ಲಿ ಇನ್ನೊಂದು ಕಂಪನಿ ಗಂಡಸರಿಗೂ ಬೇರೆ ಕ್ರೀಮು ತಂದಿತು. ಕಪ್ಪಗಿರುವ ಹುಡುಗಿಗೆ ಕೆಲಸ ಸಿಗುವುದಿಲ್ಲ, ಗಂಡು ಸಿಗುವುದಿಲ್ಲ, ಕ್ರೀಮು ಹಚ್ಚಿದ ಮೇಲೆ ಎಲ್ಲವೂ ಸಿಗುತ್ತದೆ ಎಂಬ ಜಾಹೀರಾತುಗಳನ್ನು ನೋಡುತ್ತಲೇ ನಮ್ಮ ತಲೆಮಾರು ಬೆಳೆಯಿತು. ಕಪ್ಪು ಬಣ್ಣವನ್ನು ಕೀಳಾಗಿ ತೋರಿಸುವ ಜಾಹೀರಾತು ಕೂಡದು ಎಂದು ಜಾಹೀರಾತು ಗುಣಮಟ್ಟ ಮಂಡಳಿ 2014ರಲ್ಲಿ ಹೇಳಿತು. 2020ರಲ್ಲಿ ಕಂಪನಿ ‘ಫೇರ್’ ಎಂಬ ಪದವನ್ನು ತೆಗೆದು ‘ಗ್ಲೋ’ ಎಂದು ಹೆಸರು ಬದಲಿಸಿತು.

ಕಂಪನಿ ಹೆಸರು ಬದಲಿಸಿತು. ನಾವು ಹೆಣ್ಣು ನೋಡಲು ಹೋದಾಗ ಕೇಳುವ ಪ್ರಶ್ನೆ ಬದಲಾಯಿತೇ? ಚನ್ನಗಿರಿಯವರಿಗೆ ಗೊತ್ತು, ಬೇಯಿಸಿದ ಅಡಿಕೆಗೆ ಚೊಗರು ಹಾಕಿ ಕೆಂಪು ಬರಿಸುತ್ತಾರೆ, ಮಂಡಿಯಲ್ಲಿ ಬಣ್ಣ ನೋಡಿ ರೇಟು ಹೇಳುತ್ತಾರೆ. ಅಡಿಕೆಗೆ ಅದು ಸರಿ. ನಮ್ಮ ಹೆಣ್ಣುಮಕ್ಕಳನ್ನೂ ನಾವು ಮಂಡಿಯಲ್ಲೇ ನಿಲ್ಲಿಸಿದ್ದೇವೆ. ಜಾಹೀರಾತಿನವರು ಈ ಭಯವನ್ನು ಹುಟ್ಟಿಸಲಿಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ ಇದ್ದದ್ದನ್ನೇ ಎತ್ತಿಕೊಂಡು ನಮಗೇ ಮಾರಿದರು.

ಮಕ್ಕಾ ವಿಜಯದ ದಿನ ಕಅಬಾದ ಮೇಲೆ ನಿಂತು ಅದಾನ್ ಕೊಡುವ ಗೌರವ ಸಿಕ್ಕಿದ್ದು ಹಝ್ರತ್ ಬಿಲಾಲ್(ರ) ಅವರಿಗೆ. ಬಿಳಿಯರಿಗೆ ಕರಿಯರ ಮೇಲೆ ಯಾವ ಮೇಲ್ಮೆಯೂ ಇಲ್ಲ ಎಂದು ಪ್ರವಾದಿ(ಸ) ತಮ್ಮ ಕೊನೆಯ ಹಜ್ಜಿನಲ್ಲಿ ಸಾರಿದರು. ಒಬ್ಬರ ತಾಯಿಯ ಮೂಲ ಎತ್ತಿ ಹೀಯಾಳಿಸಿದ ಹಝ್ರತ್ ಅಬೂದರ್(ರ) ಅವರಿಗೆ, ನಿನ್ನಲ್ಲಿ ಇನ್ನೂ ಜಾಹಿಲಿಯ್ಯತಿನ ಗುಣ ಉಳಿದಿದೆ ಎಂಬರ್ಥದಲ್ಲಿ ಗದರಿದರು. ಅಷ್ಟು ದೊಡ್ಡ ಸಹಾಬಿಗೇ ಆ ಮಾತು ಬಂತು. ಫೋನಿನಲ್ಲಿ ಬಣ್ಣದ ಸುದ್ದಿ ಮುಟ್ಟಿಸಿದ ನನ್ನಂಥ ಇಮಾಮನಿಗೆ ಏನು ಹೇಳುತ್ತಿದ್ದರೋ!

ಆ ಹುಡುಗಿಯನ್ನು ದಾವಣಗೆರೆಯ ಚರ್ಮವೈದ್ಯರಿಗೆ ತೋರಿಸಿದರು. ಅವರು ಡಬ್ಬಿ ನೋಡಿ ಬದಿಗಿಟ್ಟು ಮೊದಲು ಮೂತ್ರ ಪರೀಕ್ಷೆ ಮಾಡಿಸಿದರು. ಅಲ್‌ಹಮ್ದುಲಿಲ್ಲಾಹ್, ಮೂತ್ರಪಿಂಡಕ್ಕೆ ಏನೂ ಆಗಿರಲಿಲ್ಲ. ಮುಖದ ಉರಿ ಇಳಿಯಲು ತಿಂಗಳುಗಳು ಬೇಕಾದವು, ಕಲೆ ಇನ್ನೂ ಸ್ವಲ್ಪ ಉಳಿದಿದೆ. ನಾನು ಅವರ ಮನೆಗೆ ಹೋಗಿ ತಂದೆ ತಾಯಿಯ ಮುಂದೆ ಕ್ಷಮೆ ಕೇಳಿದೆ. ತಂದೆ, ‘ನೀವೇನು ಮಾಡುತ್ತೀರಿ ಹಜ್ರತ್, ಅವರು ಹೇಳಿದ್ದನ್ನು ಹೇಳಿದಿರಿ’ ಎಂದರು. ತಾಯಿ ಏನೂ ಹೇಳಲಿಲ್ಲ. ಅವರ ಮೌನವೇ ಸರಿ ಎಂದು ನನಗೆ ಅನ್ನಿಸಿತು.

ಅಂದಿನಿಂದ ಒಂದು ತೀರ್ಮಾನ ಮಾಡಿದ್ದೇನೆ. ರಿಶ್ತಾ ವಿಷಯದಲ್ಲಿ ನನ್ನ ಬಳಿ ಬರುವವರು ದೀನ್ ಕೇಳಲಿ, ಗುಣ ಕೇಳಲಿ, ಓದು ಕೇಳಲಿ, ಮನೆಯ ಕಷ್ಟಸುಖ ಕೇಳಲಿ. ಬಣ್ಣ ಕೇಳಿದರೆ ನಾನು ಉತ್ತರಿಸುವುದಿಲ್ಲ, ಬಣ್ಣದ ಮಾತನ್ನು ಇನ್ನೊಂದು ಮನೆಗೆ ಮುಟ್ಟಿಸುವುದೂ ಇಲ್ಲ. ಹೊನ್ನಾಳಿ, ನ್ಯಾಮತಿ, ಜಗಳೂರಿನ ಇಮಾಮರಲ್ಲೂ ಜಮಾಅತಿನ ಹಿರಿಯರಲ್ಲೂ ಇದನ್ನೇ ಕೇಳಿಕೊಳ್ಳುತ್ತೇನೆ. ರಿಶ್ತಾ ಬೇಡ ಎನ್ನುವುದಾದರೆ ‘ನಮಗೆ ಹೊಂದುವುದಿಲ್ಲ’ ಎಂಬ ಒಂದು ಮಾತು ಸಾಕು. ಯಾರ ಮಗಳ ಮುಖಕ್ಕೂ ಕೊರತೆ ಹೊರಿಸುವ ಅಗತ್ಯವಿಲ್ಲ.

ಅಲ್ಲಾಹನು ನಮ್ಮ ಮಕ್ಕಳ ಆರೋಗ್ಯವನ್ನು ಕಾಪಾಡಲಿ, ನಮ್ಮ ನಾಲಿಗೆಯನ್ನು ತಿದ್ದಲಿ. ಆಮೀನ್.