ಪೀಣ್ಯದ ಜಿಗ್, ವೈಟ್‌ಫೀಲ್ಡಿನ ಫಂಕ್ಷನ್

ನಮ್ಮ ಮೊಬೈಲ್ ನಂಬರಿಗೆ ಹತ್ತು ಅಂಕಿ. ಒಂದು ಕಾಲಕ್ಕೆ ಎಲ್ಲವೂ 9ರಿಂದ ಶುರುವಾಗುತ್ತಿದ್ದವು. ಆಮೇಲೆ 8 ಬಂತು, 7 ಬಂತು, ಕೊನೆಗೆ 6 ಕೂಡ ಬಂತು. ಫೋನ್ ಹಿಡಿದವರಿಗೆ ಇದು ಸುದ್ದಿಯೇ ಅಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಆ್ಯಪ್ ಬರೆಯುವವರಿಗೆ ಮಾತ್ರ ಇಂಥ ಒಂದು ಅಂಕಿಯೂ ಕೆಲಸ ಹಚ್ಚುತ್ತದೆ.

ಒಂದು ಡೆಲಿವರಿ ಆ್ಯಪ್ ಎಂದುಕೊಳ್ಳಿ. ನೋಂದಣಿ ಪುಟದಲ್ಲಿ ನಂಬರ್ ಸರಿಯಿದೆಯೇ ಎಂದು ನೋಡಬೇಕು. ಮುಂದಿರುವ +91 ತೆಗೆ, ನಡುವಿನ ಖಾಲಿ ಜಾಗ ಅಳಿಸು, ಹತ್ತು ಅಂಕಿ ಎಣಿಸು, ಮೊದಲನೆಯದು 7, 8, 9ರಲ್ಲಿ ಒಂದೇ ನೋಡು. ನಾಲ್ಕೈದು ಸಾಲಿನ ಕೋಡ್. ವಿಳಾಸದ ಪುಟಕ್ಕೂ ಅದೇ ಬೇಕು, ಕಾಪಿ-ಪೇಸ್ಟ್. ಪ್ರೊಫೈಲ್ ತಿದ್ದುವಲ್ಲಿ, ಪಾಸ್‌ವರ್ಡ್ ಮರೆತವರ ಪುಟದಲ್ಲಿ ಮತ್ತೆ ಅದೇ. 6ರ ಸರಣಿ ಬಂದಾಗ ಮೂರು ಕಡೆ ತಿದ್ದಿ ನಾಲ್ಕನೆಯದನ್ನು ಮರೆತರೆ, ಗ್ರಾಹಕರು ಖಾತೆಯನ್ನೇನೋ ತೆರೆಯುತ್ತಾರೆ, ವಿಳಾಸಕ್ಕೆ ತಮ್ಮದೇ ನಂಬರ್ ಹಾಕಿದರೆ ಆ್ಯಪ್ ಒಪ್ಪುವುದಿಲ್ಲ. ಕಚೇರಿಯಲ್ಲಿ ಪರೀಕ್ಷಿಸುವವರ ಕೈಯಲ್ಲಿ ಹಳೆಯ 9ರ ನಂಬರೇ ಇದ್ದರೆ ಈ ಬಗ್ ಅವರ ಕಣ್ಣಿಗೇ ಬೀಳದು.

ಪೀಣ್ಯದ ವರ್ಕ್‌ಶಾಪಿನವರಿಗೆ ಪರಿಹಾರ ವಿವರಿಸಬೇಕಿಲ್ಲ. ಸಾವಿರ ಫ್ಲೇಂಜಿಗೆ ತೂತು ಕೊರೆಯುವಾಗ ಒಂದೊಂದಕ್ಕೂ ಗುರುತು ಹಾಕುತ್ತ ಯಾರೂ ಕೂರುವುದಿಲ್ಲ, ತೂತಿನ ಜಾಗ ತೋರಿಸುವ ಅಚ್ಚನ್ನು, ಅಂದರೆ ಜಿಗ್ ಮಾಡಿಕೊಳ್ಳುತ್ತಾರೆ. ಅಳತೆ ಬದಲಾದರೆ ಜಿಗ್ ತಿದ್ದಿದರಾಯಿತು. ಕೋಡಿನಲ್ಲಿ ಆ ಜಾಗ ಫಂಕ್ಷನ್‌ನದು. ಪರಿಶೀಲನೆಯನ್ನು ಅದರೊಳಗಿಟ್ಟು ನಾಲ್ಕೂ ಪುಟಗಳಿಂದ ಕರೆದರೆ ಸಾಕು.

ಇದೇನು ಹೊಸ ವಿದ್ಯೆಯಲ್ಲ. 1949ರಲ್ಲಿ ಕೇಂಬ್ರಿಜ್‌ನಲ್ಲಿ ಓಡತೊಡಗಿದ ಎಡ್‌ಸ್ಯಾಕ್ ಕಂಪ್ಯೂಟರಿಗಾಗಿ ಡೇವಿಡ್ ವೀಲರ್ ಮತ್ತು ಸಂಗಡಿಗರು ಪದೇ ಪದೇ ಬೇಕಾಗುವ ಕೋಡನ್ನು ಕಾಗದದ ಪಟ್ಟಿಗಳಲ್ಲಿ ತೂತು ಹೊಡೆದು ಕಪಾಟಿನಲ್ಲಿ ಜೋಡಿಸಿಟ್ಟಿದ್ದರು. ಬರೆದ ಕೋಡನ್ನು ವರ್ತನೆ ಬದಲಾಗದಂತೆ ಒಪ್ಪಮಾಡುವ ರೀಫ್ಯಾಕ್ಟರಿಂಗ್ ಮನೆಮಾತಾದದ್ದು ಮಾರ್ಟಿನ್ ಫೌಲರ್ ಅವರ 1999ರ ಪುಸ್ತಕದಿಂದ. ಎರಡನೇ ಸಲ ಬರೆಯುವಾಗ ಮುಖ ಸಿಂಡರಿಸಿಕೊಂಡು ಸುಮ್ಮನಿರಿ, ಮೂರನೆಯ ಸಲ ಒಪ್ಪಮಾಡಿ ಎಂಬ ಡಾನ್ ರಾಬರ್ಟ್ಸ್ ಸೂತ್ರವೂ ಅದರಲ್ಲಿದೆ.

ನನಗೆ ಈ ಸೂತ್ರ ಇಷ್ಟ, ಏಕೆಂದರೆ ಅತ್ಯುತ್ಸಾಹವೂ ಕೆಡಿಸುತ್ತದೆ. ಕಾರ್ಖಾನೆಯ ವಿಳಾಸಕ್ಕೆ 080ರ ಲ್ಯಾಂಡ್‌ಲೈನ್ ನಂಬರೂ ನಡೆಯಬೇಕು ಎನ್ನುತ್ತಾರೆ. ಅದೇ ಫಂಕ್ಷನ್ನಿಗೆ ಹೌದು-ಅಲ್ಲ ಎಂಬ ಸ್ವಿಚ್ ಒಂದನ್ನು ಸೇರಿಸಿದ್ದಾಯಿತು. ವಿದೇಶಿ ನಂಬರಿಗೆ ಇನ್ನೊಂದು. ವರ್ಷ ಕಳೆಯುವುದರೊಳಗೆ ಅದನ್ನು ಮುಟ್ಟಲು ಎಲ್ಲರಿಗೂ ಹೆದರಿಕೆ. ಲ್ಯಾಂಡ್‌ಲೈನಿಗೆ ಬೇರೆಯೇ ಫಂಕ್ಷನ್ ಬರೆಯುವುದು ಲೇಸು.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಒಂದು ಮಾತು: ಹತ್ತಾರು ಬಗೆಯ ಸರಿ-ತಪ್ಪು ನಂಬರುಗಳ ಪಟ್ಟಿಯಿಟ್ಟುಕೊಂಡು ಕೋಡನ್ನು ಒಪ್ಪಮಾಡಲು ಕೈಹಾಕುವ ಮುಂಚೆ ಒಮ್ಮೆ, ಆಮೇಲೊಮ್ಮೆ ಓಡಿಸಿ, ಎರಡೂ ಸಲ ಫಲಿತಾಂಶ ಒಂದೇ ಇರಬೇಕು. ಹೊಸ ಸರಣಿ ಸೇರಿಸುವ ಕೆಲಸವನ್ನು ಬೇರೆ ಕಮಿಟ್‌ನಲ್ಲಿ ಮಾಡಿ. ಎರಡನ್ನೂ ಬೆರೆಸಿದರೆ ಏನು ಕೆಟ್ಟಿತು, ಯಾವುದರಿಂದ ಕೆಟ್ಟಿತು ಎಂದು ಪರಿಶೀಲಿಸುವವರಿಗೆ ತಿಳಿಯುವುದಿಲ್ಲ.