ಆಟದ ಅಂಗಳದಲ್ಲಿ ಮನಶ್ಶಾಸ್ತ್ರ

ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ರಸ್ತೆಯಲ್ಲಿ ಸೈಕಲ್ ಸವಾರರ ಸಾಲೇ ಕಾಣುತ್ತದೆ. ಒಬ್ಬನೇ ಏದುಸಿರು ಬಿಡುತ್ತಿದ್ದವನು ಜೊತೆಗಾರ ಸಿಕ್ಕೊಡನೆ ಚುರುಕಾಗುತ್ತಾನೆ. ಮುಂದಿನವನು ಗಾಳಿ ತಡೆಯುವುದಷ್ಟೇ ಕಾರಣವೇ, ಮನಸ್ಸಿನ ಪಾಲೂ ಇದೆಯೇ? ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಎಂಬುವರು 1898ರಲ್ಲೇ ಇದನ್ನು ಪರೀಕ್ಷಿಸಿದರು. ಸೈಕಲ್ ಪಂದ್ಯಗಳ ದಾಖಲೆ ನೋಡಿದ ಮೇಲೆ, ಮಕ್ಕಳಿಂದ ಗಾಳದ ರಾಟೆ ಸುತ್ತಿಸಿ ವೇಗ ಅಳೆದರು. ಪಕ್ಕದಲ್ಲಿ ಸ್ಪರ್ಧಿ ಇದ್ದಾಗ ಕೆಲವರು ಚುರುಕಾದರು, ಕೆಲವರು ಗಾಬರಿಯಿಂದ ಹಿಂದೆ ಬಿದ್ದರು, ಉಳಿದವರಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಯಾರ ಮನಸ್ಸು ಯಾವ ಬಗೆಯದೆಂದು ತಿಳಿದು ನೆರವಾಗುವುದೇ ಕ್ರೀಡಾ ಮನಶ್ಶಾಸ್ತ್ರಜ್ಞರ ಕೆಲಸ. ‘ಹೆದರಬೇಡ’ ಎಂದು ಬೆನ್ನು ತಟ್ಟಿದರೆ ಸಾಲದು. ಭಯವಾದಾಗ ಎದೆಬಡಿತ ಏರುತ್ತದೆ, ಸ್ನಾಯು ಬಿಗಿಯುತ್ತದೆ, ಗಮನ ಚದುರುತ್ತದೆ. ಉಸಿರಾಟದ ಹಿಡಿತ, ಮನಸ್ಸಿನಲ್ಲೇ ಆಟದ ತಾಲೀಮು, ಗುರಿ ಇಟ್ಟುಕೊಳ್ಳುವ ಕ್ರಮ ಇವನ್ನೆಲ್ಲ ದಿನವೂ ಅಭ್ಯಾಸ ಮಾಡಿಸಬೇಕು.

2024ರ ಪ್ಯಾರಿಸ್ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ಬ್ರಿಟನ್ ವಿರುದ್ಧದ ಹಾಕಿ ಕ್ವಾರ್ಟರ್ ಫೈನಲ್‌ನಲ್ಲಿ 17ನೇ ನಿಮಿಷದಿಂದ ಭಾರತ ಹತ್ತೇ ಆಟಗಾರರೊಂದಿಗೆ ಆಡಿತು. ಆದರೂ 1-1ರ ಸಮಬಲ ಉಳಿಸಿಕೊಂಡು, ಶೂಟೌಟ್‌ನಲ್ಲಿ 4-2ರಿಂದ ಗೆದ್ದಿತು. ಮುಂದೆ ಕಂಚು ಪಡೆಯಿತು. ಬೆಂಗಳೂರಿನ ಸಾಯ್ ಕೇಂದ್ರದಲ್ಲಿ ತಯಾರಾದ ಈ ತಂಡಕ್ಕೆ ಮಾನಸಿಕ ತರಬೇತಿ ನೀಡಿದವರು ದಕ್ಷಿಣ ಆಫ್ರಿಕದ ಪ್ಯಾಡಿ ಅಪ್ಟನ್. ಗೆಲುವನ್ನೆಲ್ಲ ಅವರೊಬ್ಬರ ಲೆಕ್ಕಕ್ಕೆ ಬರೆಯಲಾಗದು. ಆದರೆ ಇಂಥವರು ತಂಡದಲ್ಲಿರಬೇಕೆಂಬುದನ್ನು ಈಗ ಎಲ್ಲರೂ ಒಪ್ಪುತ್ತಾರೆ.

ಈ ದಾರಿ ಹಿಡಿಯಬೇಕೆನ್ನುವವರು ಪಿಯುಸಿ ನಂತರ ಮನಶ್ಶಾಸ್ತ್ರವಿರುವ ಬಿ.ಎ. ಅಥವಾ ಬಿ.ಎಸ್‌ಸಿ., ಬಳಿಕ ಸ್ನಾತಕೋತ್ತರ ಪದವಿ ಮಾಡಬೇಕು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಿಂದಲೇ ಮನಶ್ಶಾಸ್ತ್ರ ವಿಭಾಗವಿದೆ. ಮಣಿಪುರದ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ಮನಶ್ಶಾಸ್ತ್ರದ್ದೇ ಸ್ನಾತಕೋತ್ತರ ಕೋರ್ಸ್ ಇದೆ. ಸಂಖ್ಯಾಶಾಸ್ತ್ರ ಮತ್ತು ಶರೀರಶಾಸ್ತ್ರದ ಪರಿಚಯವೂ ಅಗತ್ಯ. ಖಿನ್ನತೆಯಂಥ ಕಾಯಿಲೆಗೆ ಚಿಕಿತ್ಸೆ ನೀಡಲು ಬೇರೆಯೇ ತರಬೇತಿ, ನೋಂದಣಿ ಬೇಕೆಂಬುದು ತಿಳಿದಿರಲಿ.

ಪೋಷಕರು ಕೇಳುವುದು ಸಂಬಳ. ಪೂರ್ಣಾವಧಿ ಹುದ್ದೆಗಳು ಇನ್ನೂ ಕಡಿಮೆ. ಮೊದಲ ಕೆಲವು ವರ್ಷ ಪಾಠ ಹೇಳುತ್ತಲೋ, ಶಾಲೆಯಲ್ಲಿ ಆಪ್ತಸಲಹೆ ನೀಡುತ್ತಲೋ ಅನುಭವ ಗಳಿಸಬೇಕಾದೀತು. ಅದಕ್ಕೆ ತಾಳ್ಮೆಯಿದ್ದರೆ ಮಾತ್ರ ಮಗನನ್ನೋ ಮಗಳನ್ನೋ ಕಳುಹಿಸಿ.

ವಿದ್ಯಾರ್ಥಿಗಳೇ, ಆಸಕ್ತಿ ನಿಜವೇ ಎಂದು ಪರೀಕ್ಷಿಸಿಕೊಳ್ಳಲು ಪದವಿಯವರೆಗೆ ಕಾಯಬೇಕಿಲ್ಲ. ತಾಲ್ಲೂಕು ಮಟ್ಟದ ಕಬಡ್ಡಿ ಪಂದ್ಯಕ್ಕೆ ಹೋಗಿ. ಸೋಲುತ್ತಿರುವ ತಂಡದವರು ಕೊನೆಯ ಐದು ನಿಮಿಷ ಹೇಗೆ ವರ್ತಿಸುತ್ತಾರೆಂದು ಬರೆದಿಟ್ಟುಕೊಳ್ಳಿ. ಹತ್ತು ಪಂದ್ಯ ಕಳೆದರೂ ಬೇಸರವಾಗದಿದ್ದರೆ ಈ ವಿದ್ಯೆ ನಿಮಗೆ ಒಲಿದೀತು.